ಗೋಲ್ಡನ್ ವ್ಯಾಕ್ಸ್ 464: ಲೋಟಕ್ಕೆ ಸರಿ, ಅಚ್ಚಿಗಲ್ಲ
ಕ್ಯಾಂಡಲ್ ಮಾಡಲು ಚಕ್ಕೆಗಳಾಗಿ ಬರುವ ಈ ಸೋಯಾ ಮೇಣ ಮೆದು, 50 ಡಿಗ್ರಿಯೊಳಗೇ ಕರಗುತ್ತದೆ. ಗಾಜಿನ ಲೋಟ, ತಗಡಿನ ಡಬ್ಬಿಗಷ್ಟೇ ಲಾಯಕ್ಕು. ಅಚ್ಚಿನಿಂದ ತೆಗೆದು ನಿಲ್ಲಿಸುವ ಕ್ಯಾಂಡಲ್ ಮಾಡಿ ಮೇ ತಿಂಗಳಲ್ಲಿ ಕಲಬುರಗಿಗೆ ಪಾರ್ಸೆಲ್ ಕಳಿಸಿದರೆ ಮುದ್ದೆಯೇ ತಲುಪೀತು!

200 ಗ್ರಾಂ ಮೇಣಕ್ಕೆ 16 ಗ್ರಾಂ ಸುಗಂಧ ತೈಲ ಸಾಕು. ಶೇ. 10 ದಾಟಿದರೆ ಮೇಲ್ಮೈ ಎಣ್ಣೆ ಬೆವರುತ್ತದೆ. 85 ಡಿಗ್ರಿಯಲ್ಲಿ ತೈಲ ಹಾಕಿ, ಎರಡು ನಿಮಿಷ ನಿಧಾನವಾಗಿ ಕಲಕಿ, 57ರ ಆಸುಪಾಸಿಗೆ ಇಳಿದಾಗ ಸುರಿಯಿರಿ. ಲೋಟ ತಣ್ಣಗಿದ್ದರೆ ಮೇಣ ಗಾಜು ಬಿಟ್ಟು, ಒಳಗೆ ಒದ್ದೆ ಕಲೆ ಬಿದ್ದಂತೆ ಕಾಣುತ್ತದೆ.

ಬಣ್ಣ ಹಾಕಿದರೆ ವಿಭೂತಿ ಬಳಿದ ಹಾಗೆ ಬಿಳಿ ಹರಳು ಎದ್ದು ಕಾಣುತ್ತದೆ. ಅದು ಸೋಯಾದ ಹುಟ್ಟುಗುಣ. ಬಣ್ಣದ ಆಸೆಯನ್ನೇ ಬಿಡಿ. ಎರಡು ವಾರ ಮುಚ್ಚಿಟ್ಟು ಮಾರಿ. ಮರುದಿನವೇ ಹಚ್ಚಿದರೆ ಮಲ್ಲಿಗೆ ಘಮ ಲೋಟದ ಬಾಯಿ ದಾಟುವುದಿಲ್ಲ.