1.4ಎಕ್ಸ್, 2ಎಕ್ಸ್, ಇಲ್ಲಾ ಸುಮ್ನೆ ಕ್ರಾಪ್?

ಅಗ್ಗದ ಟೆಲಿಕನ್ವರ್ಟರ್ (ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಹಾಕಿ ದೂರದ್ದನ್ನು 1.4 ಅಥವಾ 2 ಪಟ್ಟು ದೊಡ್ಡದಾಗಿ ತೋರಿಸುವ ಸಾಧನ) ಹುಡುಕುವವರು ಯಾವ ಕಂಪನಿಯದ್ದು ಒಳ್ಳೆಯದು ಅಂತ ಕೇಳುತ್ತಾರೆ. ನಾನು ಹೋಲಿಕೆಗೆ ಕ್ರಾಪನ್ನೂ, ಅಂದರೆ ಫೋಟೋದಲ್ಲಿ ಬೇಕಾದ ಭಾಗವನ್ನಷ್ಟೇ ಕತ್ತರಿಸಿಕೊಳ್ಳುವುದನ್ನೂ, ಸೇರಿಸಿಕೊಂಡೆ. ಕ್ರಾಪ್ ಮಾಡಿದ ಫೋಟೋಗಿಂತ ಚೆನ್ನಾಗಿ ಬರದಿದ್ದರೆ ಕನ್ವರ್ಟರ್‌ಗೆ ದುಡ್ಡು ಯಾಕೆ ಹಾಕಬೇಕು, ಅಲ್ವಾ?

ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಡಿಎಸ್‌ಎಲ್‌ಆರ್, ಲೆನ್ಸ್ 70-200 ಎಂಎಂ ಎಫ್/4 (ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ). ಕೈಯಲ್ಲಿದ್ದ ಕನ್ವರ್ಟರ್‌ಗಳು ಮೂರು: ಕೆಂಕೊ ಟೆಲಿಪ್ಲಸ್ ಎಚ್‌ಡಿ 1.4ಎಕ್ಸ್, ಹೆಸರು ಹೇಳದ ಇನ್ನೊಂದು ಕಂಪನಿಯ ತೀರಾ ಅಗ್ಗದ 1.4ಎಕ್ಸ್, ಸ್ನೇಹಿತರು ಕೊಟ್ಟ ಹಳೆಯ 2ಎಕ್ಸ್.

1.4ಎಕ್ಸ್ ಹಾಕಿದರೆ 200 ಎಂಎಂ 280 ಆಗುತ್ತದೆ, ಎಫ್/4 ಹೋಗಿ ಎಫ್/5.6 ಆಗುತ್ತದೆ. ಬೆಳಕು ಅರ್ಧಕ್ಕೆ ಇಳಿಯುತ್ತದೆ. ಅದೇ ಶಟರ್ ವೇಗ ಬೇಕಂದ್ರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400 ಇದ್ದಲ್ಲಿ 800. ಕನ್ವರ್ಟರ್ ಬಿಟ್ಟು ಅಷ್ಟೇ ಹತ್ತಿರಕ್ಕೆ ಕ್ರಾಪ್ ಮಾಡಿದರೆ 24ರಲ್ಲಿ ಸುಮಾರು 12 ಮೆಗಾಪಿಕ್ಸೆಲ್ ಉಳಿಯುತ್ತದೆ. ಮೊಬೈಲಲ್ಲಿ ನೋಡೋಕೆ ಅದು ಧಾರಾಳ.

ವ್ಯತ್ಯಾಸ ಕಂಡಿದ್ದು ಚಂದ್ರನ ಫೋಟೋದಲ್ಲಿ. ಬೆಳಕು ಮತ್ತು ನೆರಳು ಸೇರುವ ಗೆರೆಯಲ್ಲಿ ಕುಳಿಗಳ ಅಂಚು ಇರುತ್ತದಲ್ಲ, ಕ್ರಾಪ್‌ನಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಕೆಂಕೊದಲ್ಲಿ ಸಣ್ಣ ಕುಳಿಗಳೂ ಬೇರೆ ಬೇರೆಯಾಗಿ ಕಂಡವು. ಅಗ್ಗದ್ದು ನಡುವಿನಲ್ಲಿ ಪರವಾಗಿಲ್ಲ. ಆದರೆ ಚಂದ್ರನನ್ನು ಫ್ರೇಮಿನ ಮೂಲೆಗೆ ತಂದರೆ ಒಂದು ಬದಿಗೆ ನೇರಳೆ ಗೆರೆ, ಇನ್ನೊಂದು ಬದಿಗೆ ಹಸಿರು. ಎಫ್/8ಗೆ ಇಳಿಸಿದರೂ ಬಣ್ಣ ಪೂರ್ತಿ ಹೋಗಲಿಲ್ಲ.

ಅದಕ್ಕಿಂತ ಕಿರಿಕಿರಿ ಅನಿಸಿದ್ದು ಬೇರೆ. ಅಗ್ಗದ್ದು ತಾನು ಅಲ್ಲಿರುವುದನ್ನೇ ಕ್ಯಾಮೆರಾಗೆ ಹೇಳುವುದಿಲ್ಲ. ಫೈಲ್ ತೆರೆದರೆ 200 ಎಂಎಂ, ಎಫ್/4 ಅಂತಲೇ ಇರುತ್ತದೆ. ಬಾಡಿಯೊಳಗೆ ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಇರುವ ಕ್ಯಾಮೆರಾ ಆಗಿದ್ದರೆ ತಪ್ಪು ಲೆಕ್ಕ ಹಿಡಿದೇ ಕೆಲಸ ಮಾಡುತ್ತದೆ. ಕೆಂಕೊದಲ್ಲಿ 280, ಎಫ್/5.6 ಅಂತ ಸರಿಯಾಗಿ ಬಂತು.

2ಎಕ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 400 ಎಂಎಂ ಸಿಗುತ್ತದೆ, ಆದರೆ ಎಫ್/8ಗೆ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಎಷ್ಟೋ ಎಫ್/5.6ರಾಚೆ ಆಟೋಫೋಕಸ್ ಮಾಡುವುದಿಲ್ಲ. ಎಫ್/8ರಲ್ಲಿ ಮಾಡುವ ಹಲವು ಬಾಡಿಗಳಲ್ಲೂ ನಡುವಿನ ಫೋಕಸ್ ಪಾಯಿಂಟ್ ಮಾತ್ರ ಕೆಲಸ ಮಾಡುತ್ತದೆ. ನನ್ನದರಲ್ಲೂ ಅಷ್ಟೇ. ಮಿಂಚುಳ್ಳಿಯ ಎದೆಯ ಗರಿಗಳನ್ನು ಕೆಂಕೊ 1.4ಎಕ್ಸ್, 2ಎಕ್ಸ್ ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟೆ. ಕೈಯಲ್ಲಿ ಹಿಡಿದು ತೆಗೆದಾಗ ಕೆಂಕೊ 1.4ಎಕ್ಸ್ ಫೋಟೋವನ್ನು ಕ್ರಾಪ್ ಮಾಡಿದ್ದೇ ಗೆದ್ದಿತು. 2ಎಕ್ಸ್‌ನಲ್ಲಿ ಐಎಸ್‌ಒ 1600 ದಾಟಿ ಗರಿಯೆಲ್ಲ ಮೆತ್ತಗಾಗಿತ್ತು. ಟ್ರೈಪಾಡ್ ಮೇಲಿಟ್ಟು ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡುತ್ತಾ) ಚಂದ್ರನನ್ನು ತೆಗೆದಾಗ ಮಾತ್ರ 2ಎಕ್ಸ್ ಮುಂದೆ. ನಿಮ್ಮದು ಎಫ್/2.8 ಲೆನ್ಸ್ ಆದರೆ 2ಎಕ್ಸ್‌ನಲ್ಲೂ ಎಫ್/5.6 ಉಳಿಯುತ್ತದೆ, ಆಗ ಯೋಚಿಸಬಹುದು.

70-300 ಎಫ್/4-5.6 ತರದ ಲೆನ್ಸ್ ಇದ್ದವರಿಗೆ ನನ್ನ ಸಲಹೆ, ಕ್ರಾಪ್ ಸಾಕು. 1.4ಎಕ್ಸ್ ಹಾಕಿದರೆ 300ರ ತುದಿಯಲ್ಲಿ ಎಫ್/8 ಆಗುತ್ತದೆ, ಫೋಕಸ್ ಹಿಂದೆ ಮುಂದೆ ಅಲೆದಾಡುತ್ತದೆ. ಎಫ್/4 ಲೆನ್ಸ್ ಇದ್ದರೆ ಕೆಂಕೊ ತರದ 1.4ಎಕ್ಸ್ ಕಣ್ಣುಮುಚ್ಚಿ ತಗೊಳ್ಳಿ. ಕ್ಯಾನನ್‌ನ ಸ್ವಂತ ಎಕ್ಸ್‌ಟೆಂಡರ್‌ನ (ಕನ್ವರ್ಟರ್‌ಗೆ ಅವರಿಟ್ಟ ಹೆಸರು) ಮುಂದಿನ ಗಾಜು ಹೊರಗೆ ಚಾಚಿರುವುದರಿಂದ ಕೆಲವೇ ಲೆನ್ಸ್‌ಗಳಿಗೆ ಕೂರುತ್ತದೆ. ಕೆಂಕೊದಲ್ಲಿ ಆ ತೊಂದರೆ ಇಲ್ಲ. ಜೊತೆಗೆ ಹತ್ತಿರದ ಫೋಕಸ್ ದೂರ ಬದಲಾಗುವುದಿಲ್ಲ, ಹಾಗಾಗಿ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳೂ ಅಷ್ಟೇ ದೂರದಿಂದ 1.4 ಪಟ್ಟು ದೊಡ್ಡದಾಗಿ ಸಿಗುತ್ತವೆ.