‘ಬರಬೇಕು’ ಮತ್ತು ‘ಬರಬೇಡಿ’ಯ ನಡುವೆ: ವೈರ್‌ಲೆಸ್‌ನಲ್ಲಿ ಕೋಡ್ ಮಾತೋ, ಸರಳ ಮಾತೋ?

ಸ್ವಯಂಸೇವಕರ ರಕ್ಷಣಾ ತಂಡವೊಂದರಲ್ಲಿ ವೈರ್‌ಲೆಸ್ ನನ್ನ ಪಾಲಿನ ಕೆಲಸ. ಹಗ್ಗ ಕಟ್ಟುವವರು, ಸ್ಟ್ರೆಚರ್ ಹೊರುವವರು, ಪ್ರಥಮ ಚಿಕಿತ್ಸೆ ಕೊಡುವವರು ಬೇರೆ ಇದ್ದಾರೆ. ಅವರ ಮಾತು ಒಬ್ಬರಿಂದ ಒಬ್ಬರಿಗೆ ಕೆಡದೆ ಮುಟ್ಟುವಂತೆ ನೋಡಿಕೊಳ್ಳುವ ಹೊಣೆ ನನ್ನದು. ಸೆಟ್‌ನಲ್ಲಿ ಹೇಗೆ ಮಾತನಾಡಬೇಕು ಎಂಬುದರ ಬಗ್ಗೆ ನಮ್ಮಲ್ಲಿ ಎರಡು ಪಂಗಡಗಳಿದ್ದವು. ಹಳಬರಿಗೆ ಸಂಖ್ಯೆಯ ಕೋಡ್ ಬೇಕು. ಹೊಸಬರಿಗೆ ದಿನನಿತ್ಯದ ಕನ್ನಡವೇ ಸಾಕು. ವಾದ ಬೆಳೆಸುವುದನ್ನು ಬಿಟ್ಟು ಎರಡನ್ನೂ ಅಣಕು ಕಾರ್ಯಾಚರಣೆಗಳಲ್ಲಿ ಬಳಸಿ ನೋಡಿದೆವು.

ಮೊದಲು ಕೋಡ್. ‘ಟೆನ್-ಫೋರ್’ ಎಂದರೆ ಸಂದೇಶ ಸಿಕ್ಕಿತು ಎಂಬುದು ಎಲ್ಲರಿಗೂ ಗೊತ್ತಿರುವಂಥದ್ದು. ಈ ಪದ್ಧತಿ ಅಮೆರಿಕದ ಪೊಲೀಸ್ ರೇಡಿಯೊದಲ್ಲಿ 1930ರ ದಶಕದ ಕೊನೆಗೆ ರೂಪುಗೊಂಡಿತು. ಪ್ರತಿ ಸಂಖ್ಯೆಯ ಮುಂದೆ ‘ಟೆನ್’ ಇರುವುದಕ್ಕೆ ಕಾರಣವಿದೆ. ಅಂದಿನ ವಾಹನಗಳ ರೇಡಿಯೊದಲ್ಲಿ ಬಟನ್ ಒತ್ತಿದ ಮೇಲೆ ಪೂರ್ತಿ ಶಕ್ತಿ ಬರಲು ಒಂದು ಕ್ಷಣ ಹಿಡಿಯುತ್ತಿತ್ತು, ಮೊದಲ ಉಚ್ಚಾರ ಗಾಳಿಯಲ್ಲೇ ಕಳೆದುಹೋಗುತ್ತಿತ್ತು. ಹಾಗಾಗಿ ಕಳೆದುಹೋದರೂ ನಷ್ಟವಿಲ್ಲದ ಒಂದು ಪದವನ್ನು ಮುಂದೆ ಇಟ್ಟರು. ಇದು ನನಗೆ ತುಂಬಾ ಇಷ್ಟವಾದ ಉಪಾಯ.

ಅಭ್ಯಾಸದಲ್ಲಿ ಕೋಡ್ ಚುರುಕಾಗಿಯೇ ನಡೆಯಿತು. ಎರಡು ಉಚ್ಚಾರದಲ್ಲಿ ಮಾತು ಮುಗಿಯುತ್ತದೆ, ಚಾನೆಲ್ ಬೇಗ ಖಾಲಿಯಾಗುತ್ತದೆ. ಆದರೆ ಪಕ್ಕದ ತಂಡವೊಂದು ನಮ್ಮೊಡನೆ ಸೇರಿದ ದಿನ ಎಲ್ಲವೂ ಅಡಿಮೇಲಾಯಿತು. ನಾವು ‘ದಾರಿ ಮುಚ್ಚಿದೆ’ ಎಂದು ಬಳಸುತ್ತಿದ್ದ ಸಂಖ್ಯೆ ಅವರಲ್ಲಿ ‘ಸ್ಥಳ ತಲುಪಿದೆವು’ ಎಂದಾಗಿತ್ತು. ಇಬ್ಬರೂ ತಪ್ಪು ಮಾಡಿರಲಿಲ್ಲ, ಪಟ್ಟಿಗಳೇ ಬೇರೆ. ಕೋಡ್ ಹುಟ್ಟಿದ ದೇಶದಲ್ಲೂ ಒಂದೇ ಸಂಖ್ಯೆಗೆ ಊರಿಗೊಂದು ಅರ್ಥವಿತ್ತು. ಅಲ್ಲಿ 2006ರಲ್ಲಿ, ಹಲವು ಇಲಾಖೆಗಳು ಕೂಡಿ ಕೆಲಸ ಮಾಡುವ ಘಟನೆಗಳಲ್ಲಿ ಸರಳ ಭಾಷೆಯನ್ನೇ ಬಳಸಬೇಕೆಂದು ಕೇಂದ್ರದ ಅನುದಾನಕ್ಕೆ ಷರತ್ತು ಹಾಕಿದರು. ಇನ್ನೊಂದು ಕೊರತೆಯೂ ಕಣ್ಣಿಗೆ ಬಿತ್ತು. ಉಸಿರು ಕಟ್ಟುವಂತೆ ಓಡಿಬಂದ ಹುಡುಗನಿಗೆ ಸಂಖ್ಯೆ ನೆನಪಿಗೆ ಬರುತ್ತಿರಲಿಲ್ಲ. ಅವನು ಬಟನ್ ಒತ್ತಿ ಹಿಡಿದುಕೊಂಡೇ ಯೋಚಿಸುತ್ತಿದ್ದ, ಅಷ್ಟು ಹೊತ್ತೂ ಚಾನೆಲ್ ಮುಚ್ಚಿರುತ್ತಿತ್ತು.

ಹಾಗಾದರೆ ಸರಳ ಕನ್ನಡ ಗೆದ್ದಿತೇ? ನಾನೂ ಹಾಗೆಯೇ ಅಂದುಕೊಂಡಿದ್ದೆ.

ಮಾಳಿಗೆಯ ಕಟ್ಟಡವೊಂದರಲ್ಲಿ ಅಭ್ಯಾಸ ನಡೆದಿತ್ತು. ಎಡಗಡೆಯ ಮೆಟ್ಟಿಲು ಕುಸಿದಿದೆ ಎಂದು ಭಾವಿಸಿ ಕೆಂಪು ಪಟ್ಟಿ ಕಟ್ಟಿದ್ದೆವು. ಮೇಲಿನಿಂದ ಸಂದೇಶ ಬಂತು: “ಎಡಗಡೆ ಮೆಟ್ಟಿಲಿನಿಂದ ಮೇಲೆ ಬರಬೇ—”. ಹೇಳಿದವನು ‘ಬರಬೇಡಿ’ ಎಂದಿದ್ದ, ಆದರೆ ಕೊನೆಯ ಉಚ್ಚಾರ ಬಾಯಿಂದ ಹೊರಡುವ ಮೊದಲೇ ಹೆಬ್ಬೆರಳು ಬಟನ್‌ನಿಂದ ಎದ್ದಿತ್ತು. ಕೆಳಗಿದ್ದವರು ಅದನ್ನು ‘ಬರಬೇಕು’ ಎಂದು ತುಂಬಿಕೊಂಡರು. ನಾಲ್ವರು ಸ್ಟ್ರೆಚರ್ ಎತ್ತಿಕೊಂಡು ನೇರ ಎಡಗಡೆಗೇ ನಡೆದರು. ಪಟ್ಟಿ ಕಂಡು ನಿಂತರು. ನಿಜವಾದ ಬೆಂಕಿಯ ಹೊಗೆಯಲ್ಲಿ ಆ ಪಟ್ಟಿ ಇರುವುದಿಲ್ಲ ಎಂಬ ಯೋಚನೆ ಆ ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ಅಲ್ಲಿಯವರೆಗೆ ನಾನು ಗಮನಿಸದಿದ್ದ ಸಂಗತಿಯೊಂದು ಆಗ ಹೊಳೆಯಿತು. ಕನ್ನಡದಲ್ಲಿ ‘ಇಲ್ಲ’, ‘ಬೇಡ’, ‘ಬಾರದು’ ಎಲ್ಲವೂ ವಾಕ್ಯದ ತುದಿಯಲ್ಲಿ ಕುಳಿತಿರುತ್ತವೆ. ಹೋಗಬಹುದು, ಹೋಗಬಾರದು, ಉಸಿರಿದೆ, ಉಸಿರಿಲ್ಲ. ಬಾಲ ಕತ್ತರಿಸಿದರೆ ಅರ್ಥವೇ ತಿರುಗಿಬೀಳುತ್ತದೆ. ಬೇರೆ ಭಾಷೆಯ ಕೈಪಿಡಿಗಳು ಮಾತಿನ ಮೊದಲ ಉಚ್ಚಾರ ಕಳೆಯದಂತೆ ಜಾಗರೂಕರಾಗಿರಿ ಎನ್ನುತ್ತವೆ. ನಮಗೆ ಕೊನೆಯದೂ ಅಷ್ಟೇ ಮುಖ್ಯ.

ಮೊದಲ ಉಚ್ಚಾರದ ಕಾಟವೂ ತಪ್ಪಿರಲಿಲ್ಲ. ಈಗಿನ ಸೆಟ್‌ಗಳು ಚುರುಕಾಗಿದ್ದರೂ, ರಿಪೀಟರ್ (ನಮ್ಮ ಮಾತನ್ನು ಹಿಡಿದು ಮರುಪ್ರಸಾರ ಮಾಡುವ ಯಂತ್ರ) ಎಚ್ಚೆತ್ತು ಆಚೆಯವರ ಸ್ಪೀಕರ್ ತೆರೆದುಕೊಳ್ಳಲು ಇಂದಿಗೂ ಒಂದಿಷ್ಟು ಸಮಯ ಬೇಕು. ಇನ್ನೊಂದು ಅಭ್ಯಾಸದಲ್ಲಿ “ಗಾಯಾಳುವಿನ ಆಮ್ಲಜನಕದ ಮಟ್ಟ ಎಷ್ಟು?” ಎಂದು ಕೇಳಿದೆ. ಉತ್ತರವಾಗಿ ಬಂದದ್ದು “—ಂಬತ್ತು”. ಎಂಬತ್ತೋ ತೊಂಬತ್ತೋ? ಒಂಬತ್ತು, ಎಂಬತ್ತು, ತೊಂಬತ್ತು, ಮೂರರ ಬಾಲವೂ ಒಂದೇ. ತೊಂಬತ್ತಾದರೆ ಆತಂಕ, ಎಂಬತ್ತಾದರೆ ಪ್ರಾಣಾಪಾಯ. ಸೈರನ್ ಗದ್ದಲದಲ್ಲಿ ಮೂರು, ಆರು, ನೂರು ಕೂಡ ಹೀಗೇ ಕಲಸಿಹೋಗುತ್ತವೆ. ವಿಮಾನಯಾನದ ಇಂಗ್ಲಿಷ್‌ನಲ್ಲಿ ‘ನೈನ್’ ಪದವು ‘ಫೈವ್’ನೊಡನೆ ಬೆರೆಯದಿರಲೆಂದು ‘ನೈನರ್’ ಎನ್ನುತ್ತಾರೆ. ಅವರು ತಮ್ಮ ಭಾಷೆಯಲ್ಲಿ ಎಡವುವ ಜಾಗಗಳನ್ನು ಗುರುತು ಹಾಕಿಕೊಂಡಿದ್ದಾರೆ, ನಾವು ಹಾಕಿಕೊಂಡಿರಲಿಲ್ಲ.

ಈ ಎರಡು ಪೆಟ್ಟುಗಳಿಂದ ಹುಟ್ಟಿದ್ದೇ ಮೂರನೆಯ ದಾರಿ: ಸರಳ ಕನ್ನಡ, ಆದರೆ ಕಟ್ಟುನಿಟ್ಟಾದ ಕೆಲವು ಪದಗಳ ಬೇಲಿಯೊಳಗೆ. ಬಟನ್ ಒತ್ತಿ ಒಂದು ಸೆಕೆಂಡ್ ಸುಮ್ಮನಿರಬೇಕು. ಹಳೆಯ ‘ಟೆನ್’ ಮಾಡುತ್ತಿದ್ದ ಕೆಲಸವನ್ನು ಈ ಮೌನ ಮಾಡುತ್ತದೆ. ಯಾರನ್ನು ಕರೆಯುತ್ತೇವೋ ಅವರ ಹೆಸರು ಮೊದಲು, ನಮ್ಮದು ಆಮೇಲೆ: “ಕಂಟ್ರೋಲ್, ಇದು ತಂಡ ಎರಡು.” ತನ್ನ ಹೆಸರು ಕಿವಿಗೆ ಬಿದ್ದವನು ಮುಂದಿನದಕ್ಕೆ ಕಿವಿಗೊಡುತ್ತಾನೆ. ಅಂಕಿಗಳನ್ನು ಒಂದೊಂದಾಗಿ ಹೇಳಬೇಕು: “ಎಂಟು, ಸೊನ್ನೆ.” ಮಾತಿನ ಕೊನೆಗೆ ‘ಓವರ್’, ಅಂದರೆ ನನ್ನ ಮಾತು ಮುಗಿಯಿತು, ಇನ್ನು ನೀವು ಹೇಳಿ. ಇದು ಬರೀ ಶಿಷ್ಟಾಚಾರ ಎಂದುಕೊಂಡಿದ್ದವನು ನಾನು. ಆದರೆ ಆ ಪದ ಹೇಳಲೇಬೇಕೆಂಬ ನಿಯಮವಿದ್ದಾಗ ಹೆಬ್ಬೆರಳು ‘ಬೇಡಿ’ ಮುಗಿಯುವವರೆಗೂ ಬಟನ್ ಮೇಲೇ ಉಳಿಯುತ್ತದೆ. ಕಳೆದುಹೋದರೆ ‘ಓವರ್’ನ ಬಾಲ ಕಳೆಯಲಿ.

ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಹೇಳುವ ರೂಢಿ. “ಎಡ ಮೆಟ್ಟಿಲು ಅಪಾಯ. ಬಲ ಮೆಟ್ಟಿಲಿನಿಂದ ಬನ್ನಿ. ಓವರ್.” ಇದರ ಬಾಲ ಕತ್ತರಿಸಿದರೂ ಯಾರೂ ಎಡಕ್ಕೆ ಹೋಗುವುದಿಲ್ಲ. ಕೇಳಿಸಿಕೊಂಡವರು ಬರೀ ‘ರೋಜರ್’ ಎಂದರೆ ಸಾಲದು, ತಿರುಳನ್ನು ತಮ್ಮ ಬಾಯಿಂದ ತಿರುಗಿ ಹೇಳಬೇಕು: “ಎಡ ಅಪಾಯ, ಬಲದಿಂದ ಬರುತ್ತೇವೆ.” ‘ರೋಜರ್’ ಎಂದರೆ ಸಂದೇಶ ಸಿಕ್ಕಿತು ಎಂದಷ್ಟೇ, ಏನು ಸಿಕ್ಕಿತು ಎಂಬುದು ಅದರಲ್ಲಿಲ್ಲ. ವಾಹನದ ನಂಬರಿನಲ್ಲಿರುವ ಅಕ್ಷರಗಳಿಗೆ 1956ರಿಂದ ವಿಮಾನಯಾನದಲ್ಲಿ ಬಳಕೆಯಲ್ಲಿರುವ ‘ಬ್ರಾವೊ, ಡೆಲ್ಟಾ, ಪಾಪಾ’ ಮಾಲೆಯನ್ನೇ ಇಟ್ಟುಕೊಂಡೆವು, ಬಿ, ಡಿ, ಪಿಗಳನ್ನು ಬಿಡಿಸಿ ಕೇಳಿಸಲು ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಇದರಿಂದ ಮಾತು ನಿಧಾನವಾಗುತ್ತದೆ ಎಂಬ ಹಳಬರ ದೂರು ನಿಜ. ಒಂದು ಸಂದೇಶಕ್ಕೆ ಕೋಡ್‌ಗಿಂತ ಹೆಚ್ಚು ಹೊತ್ತು ಬೇಕು. ಆದರೆ “ಏನಂದಿರಿ?” ಎಂದು ಮರಳಿ ಕೇಳುವುದು ತೀರಾ ಕಡಿಮೆಯಾಯಿತು. ನನ್ನ ಮಟ್ಟಿಗೆ ಅಲ್ಲಿಗೆ ವಾದ ಮುಗಿಯಿತು.

ಇದೇ ಹೊತ್ತಿನಲ್ಲಿ ರಿಪೀಟರ್ ಮತ್ತು ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ನೇರವಾಗಿ ಮಾತು ಹೋಗುವ ನೇರ ಚಾನೆಲ್ ಎರಡನ್ನೂ ಹೋಲಿಸಿದೆವು. ಎತ್ತರದಲ್ಲಿರುವ ರಿಪೀಟರ್ ನಮ್ಮ ಮಾತನ್ನು ಒಂದು ತರಂಗಾಂತರದಲ್ಲಿ ಹಿಡಿದು ಇನ್ನೊಂದರಲ್ಲಿ ಎಲ್ಲ ಕಡೆಗೂ ಬಿತ್ತುತ್ತದೆ, ಗುಡ್ಡದಾಚೆಗೂ ಮುಟ್ಟಿಸುತ್ತದೆ. ಆದರೆ ನೆಲಮಾಳಿಗೆಯೊಳಗಿರುವವನ ಸೆಟ್‌ಗೆ ರಿಪೀಟರ್ ಎಟುಕದಿದ್ದರೆ ಹತ್ತು ಹೆಜ್ಜೆ ಆಚೆಗಿರುವ ಜೊತೆಗಾರನಿಗೂ ಅವನ ಕೂಗು ಕೇಳಿಸುವುದಿಲ್ಲ. ನೇರ ಚಾನೆಲ್‌ನಲ್ಲಿ ಕೇಳಿಸುತ್ತದೆ. ಹಾಗಾಗಿ ಕಟ್ಟಡದೊಳಗೆ ಹೋಗುವವರಿಗೆ ನೇರ ಚಾನೆಲ್; ಬಾಗಿಲಲ್ಲಿ ಎರಡು ಸೆಟ್ ಹಿಡಿದ ಒಬ್ಬರು ನಿಂತು ಹೊರಗಿನವರಿಗೆ ದಾಟಿಸುತ್ತಾರೆ. ಒಬ್ಬ ಆಳು ಹೆಚ್ಚು ಬೇಕು ಎಂಬುದೊಂದೇ ತೊಡಕು, ಅದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ.

ಭುಜದ ಮೈಕ್ ಕೈಗಳನ್ನು ಬಿಡುವಾಗಿಡುತ್ತದೆ, ಆದರೆ ಸೆಟ್ ಸೊಂಟದಲ್ಲಿದ್ದು ಆಂಟೆನಾ ದೇಹಕ್ಕೆ ಒತ್ತಿಕೊಳ್ಳುತ್ತದೆ, ದೇಹವೇ ಸಿಗ್ನಲ್ ಹೀರುತ್ತದೆ. ಮಾತು ಕಡಿದುಹೋಗತೊಡಗಿದರೆ ಸೆಟ್ಟನ್ನು ಕೈಗೆ ತೆಗೆದುಕೊಂಡು, ಆಂಟೆನಾ ನೆಟ್ಟಗಿರಿಸಿ, ಬಾಯಿಂದ ಮೂರು ಬೆರಳಗಲ ದೂರದಲ್ಲಿ ಹಿಡಿದು, ಕೂಗದೆ ಮಾತನಾಡಿದರೆ ಎಷ್ಟೋ ಸಲ ದಾರಿ ತೆರೆದುಕೊಳ್ಳುತ್ತದೆ.

ಕೋಡ್ ಪಟ್ಟಿಯನ್ನು ಕಿತ್ತುಹಾಕಿದ ದಿನ, ತಂಡದ ಹಿರಿಯರೊಬ್ಬರು ಒಂದನ್ನು ಮಾತ್ರ ಬಿಡಬೇಡಿ ಎಂದು ಕೇಳಿಕೊಂಡರು. ಒಮ್ಮೆ ಅವರ ಸೊಂಟದ ಸೆಟ್ ಜೋರಾಗಿದ್ದಾಗ, ಆಸ್ಪತ್ರೆಗೆ ಸಾಗಿಸಿದ್ದ ವ್ಯಕ್ತಿ ತೀರಿಕೊಂಡ ಸುದ್ದಿ ಬಿಡಿಬಿಡಿಯಾಗಿ ಬಂದಿತ್ತಂತೆ. ಆ ವ್ಯಕ್ತಿಯ ತಾಯಿ ಅವರ ಪಕ್ಕದಲ್ಲೇ ನಿಂತಿದ್ದರಂತೆ. ಸಾವಿಗೆ ನಾವು ಇಂದಿಗೂ ಕೋಡ್ ಬಳಸುತ್ತೇವೆ.