ಮೂರು ಆಟ, ಒಂದು ಆಟಿ

ನಮ್ಮ ಕಡೆ ‘ಆಟ’ ಎಂದರೆ ಯಕ್ಷಗಾನ, ‘ಕೂಟ’ ಎಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆ. ಹಾಗಾಗಿ ತುಳುವರ ಮಳೆಗಾಲದ ತಿಂಗಳಾದ ಕಳೆದ ಆಟಿಯಲ್ಲಿ ಅಕ್ಕನ ಮಗ ತನ್ನ ಕಂಪ್ಯೂಟರನ್ನು ಪ್ಲಾಸ್ಟಿಕ್ ಶೀಟಿನಲ್ಲಿ ಸುತ್ತಿಕೊಂಡು ಕುಂಬಳೆಯಿಂದ ಪೆರ್ಲದ ನಮ್ಮ ಮನೆಗೆ ಬಂದು, “ಮಾವ, ಪರೀಕ್ಷೆ ಮುಗಿಯಿತು, ಒಂದು ತಿಂಗಳು ಇಲ್ಲೇ ಇರುತ್ತೇನೆ, ಮೂರು ಆಟ ತಂದಿದ್ದೇನೆ” ಎಂದಾಗ, “ಈ ಮಳೆಯಲ್ಲಿ ಯಾವ ಮೇಳವಪ್ಪ?” ಎಂದು ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು, ಮೇಳಗಳೆಲ್ಲ ಗೆಜ್ಜೆ ಬಿಚ್ಚಿ ಎರಡು ತಿಂಗಳಾಗಿತ್ತು.

ಅವನು ತಂದದ್ದು ಮೂರು ವಿಡಿಯೊ ಗೇಮ್. ಹ್ಯಾರಿ ಪಾಟರ್ ಲೋಕದ ‘ಹಾಗ್ವಾರ್ಟ್ಸ್ ಲೆಗಸಿ’ 2023ರದ್ದು. ಪೋಲೆಂಡಿನ ಲೇಖಕ ಆಂದ್ಜೆಯ್ ಸಪ್ಕೋವ್‌ಸ್ಕಿಯ ಕಥೆಗಳಿಂದ ಹುಟ್ಟಿದ ‘ದಿ ವಿಚರ್ 3: ವೈಲ್ಡ್ ಹಂಟ್’ 2015ರದ್ದು. ಇಂಗ್ಲಿಷ್ ಲೇಖಕ ಟೋಲ್ಕಿನ್ ಕಟ್ಟಿದ ಲೋಕದ ‘ಶ್ಯಾಡೋ ಆಫ್ ಮೊರ್ಡೋರ್’ 2014ರದ್ದು. ಪಾಟರ್ ಸರಣಿಯನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಗ್ರಂಥಾಲಯದಿಂದ ತಂದು ಓದಿದ್ದೆ. ಟೋಲ್ಕಿನನನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ದಾಟಿದ್ದೆ. ಸಪ್ಕೋವ್‌ಸ್ಕಿಯ ಹೆಸರನ್ನೇ ಕೇಳಿರಲಿಲ್ಲ. ಎರಡು ಮಳೆಯ ನಡುವೆ ಬಿಸಿಲು ಬಿದ್ದರೆ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವುದು, ಮಳೆ ಹಿಡಿದರೆ ಕಂಪ್ಯೂಟರ್ ಮುಂದೆ ಕೂರುವುದು. ಹೀಗೆ ತಿಂಗಳು ಕಳೆಯಿತು. ಕರೆಂಟು ಹೋದಾಗ ಇನ್ವರ್ಟರ್ ನಲವತ್ತು ನಿಮಿಷ ತಾಳುತ್ತಿತ್ತು. ಕೊಳೆರೋಗ ಮಾತ್ರ ನಾನು ಯಾವ ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೇನೆಂದು ನೋಡದೆ ತನ್ನ ಕೆಲಸ ಮಾಡಿತು.

ಸರಣಿಯನ್ನು ಮೆಚ್ಚಿದವನಿಗೆ ಅದರ ಗೇಮ್ ತೃಪ್ತಿ ಕೊಡುತ್ತದೆಯೇ ಎಂಬುದು ಅಳಿಯನಿಗೂ ನನಗೂ ನಡೆದ ವಾದ. ನನ್ನ ಅಳತೆಗೋಲು ಕೂಟದ್ದು. ತಾಳಮದ್ದಳೆಯಲ್ಲಿ ಪದ್ಯ ಮೊದಲೇ ನಿಂತದ್ದು, ಅರ್ಥ, ಅಂದರೆ ಪಾತ್ರದ ಮಾತು, ಮಾತ್ರ ಅದನ್ನಾಡುವ ಅರ್ಥಧಾರಿಯದು. ವಾಲಿ ಸಾಯಲೇಬೇಕು. ಆದರೆ ಸಾಯುವ ಮೊದಲು ರಾಮನಿಗೆ ಯಾವ ಪ್ರಶ್ನೆ ಹಾಕುತ್ತಾನೆ ಎಂಬುದು ಆ ರಾತ್ರಿಯ ವಾಲಿಗೆ ಬಿಟ್ಟದ್ದು. ಮೂಲದಲ್ಲಿ ಇಲ್ಲದ್ದನ್ನು ಹೇಳಿದರೂ ಮೂಲಕ್ಕೆ ಒಪ್ಪುವಂತೆ ಹೇಳುವವನೇ ಒಳ್ಳೆಯ ಅರ್ಥಧಾರಿ. ಗೇಮಿನಲ್ಲಿ ಆ ಜಾಗದಲ್ಲಿ ಕುಳಿತಿರುವುದು ನಾವು. ನಮಗೆ ಮಾತನಾಡಲು ಎಡೆ ಇದೆಯೇ? ಆಡಿದ ಮಾತಿಗೆ ಎದುರಿನವರು ಉತ್ತರ ಕೊಡುತ್ತಾರೆಯೇ?

ಮಂತ್ರವಿದ್ಯೆಯ ಶಾಲೆಯಾದ ಹಾಗ್ವಾರ್ಟ್ಸ್‌ನಿಂದ ಶುರು ಮಾಡಿದೆವು. ವೇಷಭೂಷಣದ ಮಟ್ಟಿಗೆ ಇದಕ್ಕೆ ಸಾಟಿಯಿಲ್ಲ. ಚಲಿಸುವ ಮೆಟ್ಟಿಲು, ಚೌಕಟ್ಟಿನಿಂದ ಚೌಕಟ್ಟಿಗೆ ಹಾರುವ ಚಿತ್ರದ ಮನುಷ್ಯರು, ಕೀಟಲೆಯ ಭೂತ ಪೀವ್ಸ್, ಹಿಮ ಬಿದ್ದ ಹಾಗ್ಸ್‌ಮೀಡ್ ಪೇಟೆ ಎಲ್ಲವೂ ಓದುವಾಗ ಕಂಡ ಹಾಗೆಯೇ ಇವೆ. ಬೇಕಲ ಕೋಟೆಯಲ್ಲಿ ಬಾಲ್ಯದಲ್ಲಿ ‘ಇಲ್ಲಿಂದ ಒಂದು ಸುರಂಗ ಇರಬೇಕು’ ಎಂದು ಗೋಡೆ ಗೋಡೆ ತಟ್ಟಿದವನು ನಾನು. ಇಲ್ಲಿ ತಟ್ಟಿದ ಗೋಡೆಗಳಲ್ಲಿ ಕೆಲವು ನಿಜವಾಗಿಯೂ ತೆರೆದುಕೊಂಡವು. ಮೊದಲ ಎರಡು ದಿನ ಕಥೆಯ ಕಡೆ ತಲೆ ಹಾಕಲಿಲ್ಲ, ಬರೀ ಅಲೆದೆ. ಪೊರಕೆ ಹತ್ತಿ ಕೋಟೆಯ ಸುತ್ತ ಹಾರಿದಾಗ ನನ್ನ ವಯಸ್ಸು ನಲವತ್ತೆರಡು ಎಂಬುದು ಮರೆತೇ ಹೋಗಿತ್ತು.

ಕಥೆ 1890ರ ದಶಕದ್ದು. ಹ್ಯಾರಿ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಕಾಲ. ಇದು ಜಾಣ ಆಯ್ಕೆ: ಗೊತ್ತಿರುವ ಪ್ರಸಂಗವನ್ನು ಮತ್ತೆ ಆಡಿ ಹೋಲಿಕೆಗೆ ಸಿಕ್ಕಿಬೀಳುವ ಕಷ್ಟವಿಲ್ಲ. ತೊಂದರೆ ಇರುವುದು ಬೇರೆ ಕಡೆ. ಇದು ಶಾಲೆ, ಆದರೆ ಶಾಲೆಯ ಶಿಸ್ತಿಲ್ಲ. ಗ್ರಂಥಾಲಯದ ನಿಷಿದ್ಧ ವಿಭಾಗಕ್ಕೆ ನುಸುಳುವಂಥ ಒಂದೆರಡು ಸನ್ನಿವೇಶ ಬಿಟ್ಟರೆ ರಾತ್ರಿ ಎಷ್ಟು ಹೊತ್ತಿಗೆ ಎಲ್ಲಿ ತಿರುಗಿದರೂ ‘ಏನು ಇಲ್ಲಿ?’ ಎಂದು ಕೇಳುವವರಿಲ್ಲ. ಐದನೆಯ ವರ್ಷಕ್ಕೆ ಹೊಸದಾಗಿ ಸೇರಿದ ಹುಡುಗ ಕಾಡಿನಲ್ಲಿ ಕಳ್ಳಬೇಟೆಗಾರರನ್ನು ಸಾಲುಸಾಲಾಗಿ ಕೊಂದು ಮಧ್ಯಾಹ್ನ ಗಿಡಮೂಲಿಕೆಯ ತರಗತಿಗೆ ಬರುತ್ತಾನೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಸರಣಿಯಲ್ಲಿ ಮನುಷ್ಯನ ಮೇಲೆ ಒಮ್ಮೆ ಪ್ರಯೋಗಿಸಿದರೂ ಅಜ್ಕಬಾನ್ ಸೆರೆಮನೆಯಲ್ಲಿ ಜೀವಾವಧಿ ಕೊಳೆಯಬೇಕಾದ ಪ್ರಾಣಹರಣದ ಮಂತ್ರವನ್ನು ಇಲ್ಲಿ ಕಲಿಯಬಹುದು, ಬಳಸಬಹುದು. ನಾನು ಬಳಸಿದೆ. ಮರುದಿನ ಅಧ್ಯಾಪಕರು ನಗುತ್ತಲೇ ಮಾತನಾಡಿಸಿದರು. ಏಳು ಸಂಪುಟ ಹೊತ್ತ ಭಯ ಅಲ್ಲಿಗೇ ಕರಗಿಹೋಯಿತು.

ಪೊರಕೆಯ ಮೇಲೆ ಹಾರುತ್ತಾ ಆಡುವ ಕ್ವಿಡಿಚ್ ಪಂದ್ಯ ಇಲ್ಲ ಎಂಬುದನ್ನು ಅಳಿಯ ಇಂದಿಗೂ ಕ್ಷಮಿಸಿಲ್ಲ. ಈ ವರ್ಷ ಪಂದ್ಯವಿಲ್ಲ ಎಂದು ಮುಖ್ಯೋಪಾಧ್ಯಾಯ ಫಿನಿಯಸ್ ನೈಜೆಲಸ್ ಬ್ಲ್ಯಾಕ್ ಘೋಷಿಸಿಬಿಡುತ್ತಾನೆ. ಕ್ರೀಡಾಂಗಣ ಕಣ್ಣೆದುರಿಗಿದೆ, ಪೊರಕೆ ಕಾಲಡಿಯಲ್ಲಿದೆ, ಆಟ ಮಾತ್ರ ಇಲ್ಲ. 2024ರಲ್ಲಿ ಕ್ವಿಡಿಚ್‌ಗೆಂದೇ ಬೇರೆ ಗೇಮ್ ಬಂತು. ಊಟಕ್ಕೆ ಕರೆದು ಪಾಯಸವನ್ನು ಇನ್ನೊಂದು ದಿನ ಬೇರೆ ಬೆಲೆಗೆ ಮಾರಿದಂತಾಯಿತು.

ಒಂದು ಕಡೆ ಮಾತ್ರ ಇದು ಮೇಲೇಳುತ್ತದೆ. ಶಾಪಗ್ರಸ್ತಳಾದ ಅವಳಿ ತಂಗಿಯನ್ನು ಉಳಿಸಲು ಹೋಗಿ ಹಂತಹಂತವಾಗಿ ಕತ್ತಲೆಯ ವಿದ್ಯೆಗೆ ಜಾರುವ ಸೆಬಾಸ್ಟಿಯನ್ ಎಂಬ ಹುಡುಗನ ಉಪಕಥೆಯಲ್ಲಿ ಮೂಲದ ಉಸಿರಿದೆ. ಅವನನ್ನು ಹಿಡಿದುಕೊಡಬೇಕೇ ಬೇಡವೇ ಎಂದು ಕೇಳಿದಾಗ ನಾನು ಕಂಟ್ರೋಲರ್ ಕೆಳಗಿಟ್ಟು ಅಂಗಳಕ್ಕೆ ಹೋಗಿ ಬಂದೆ. ಇದು ಪ್ರಧಾನ ಕಥೆ ಆಗಬೇಕಿತ್ತು. ಪ್ರಧಾನ ಕಥೆಯಲ್ಲಿ ಗಾಬ್ಲಿನ್ ಎಂಬ ಕುಳ್ಳ ಜೀವಿಗಳ ದಂಗೆಯ ಬಗ್ಗೆ ನನಗೆ ಈಗ ನೆನಪಿರುವುದು ನಾಯಕನ ಹೆಸರು ರಾನ್‌ರಾಕ್ ಎಂಬುದಷ್ಟೆ. ಉಳಿದ ಹೊತ್ತನ್ನು ಗುಡ್ಡಗುಡ್ಡದಲ್ಲಿ ಹರಡಿರುವ ಮರ್ಲಿನನ 95 ಒಗಟುಗಳು ನುಂಗಿದವು. ಮೂವತ್ತು ಬಿಡಿಸಿ ಕೈಮುಗಿದೆ.

ಮೊರ್ಡೋರ್ ಇದಕ್ಕೆ ಪೂರ್ತಿ ಉಲ್ಟಾ. ಟೋಲ್ಕಿನ್ ಭಕ್ತರು ಇದನ್ನು ನೋಡಿದರೆ ಭಾಗವತರ ಜಾಗಟೆ ಕಿತ್ತುಕೊಂಡು ಎದ್ದು ಹೋಗಬೇಕು. ಮೂಲದಲ್ಲಿ ಸಾವಿರಾರು ವರ್ಷ ಮೊದಲೇ ಸತ್ತ ಉಂಗುರದ ಅಕ್ಕಸಾಲಿಗ ಕೆಲೆಬ್ರಿಂಬೋರ್ ಇಲ್ಲಿ ಪ್ರೇತವಾಗಿ ಕಾವಲುಗಾರ ಟೇಲಿಯನ್ ಮೈಗೆ ಸೇರಿಕೊಳ್ಳುತ್ತಾನೆ. ಇಬ್ಬರೂ ಸೇರಿ ಓರ್ಕ್ ಎಂಬ ರಕ್ಕಸ ಸೈನಿಕರ ತಲೆಯ ಮೇಲೆ ಕೈಯಿಟ್ಟು ಮನಸ್ಸನ್ನು ವಶಮಾಡಿಕೊಳ್ಳುತ್ತಾರೆ. ಅಧಿಕಾರದ ಉಂಗುರವನ್ನು ಕೈಗೆ ಸಿಕ್ಕಾಗಲೂ ಬೇಡ ಎನ್ನುವುದರಲ್ಲಿದೆ ಟೋಲ್ಕಿನ್ ಲೋಕದ ದೊಡ್ಡಸ್ತಿಕೆ. ಇನ್ನೊಬ್ಬರ ಮನಸ್ಸನ್ನು ಹಿಡಿದು ಆಳುವುದು ಅಲ್ಲಿ ಶತ್ರುವಿನ ಕೆಲಸ. ಇಲ್ಲಿ ಅದೇ ನಾಯಕನ ಕಸುಬು, ಅದಕ್ಕೆ ನಾಚಿಕೆಯೂ ಇಲ್ಲ. ಅರ್ಥ ತಲೆಕೆಳಗು.

ಆದರೆ ರಂಗಪ್ರವೇಶದ ಒಡ್ಡೋಲಗ! ತೆಂಕುತಿಟ್ಟು ಯಕ್ಷಗಾನದಲ್ಲಿ ರಕ್ಕಸರ ಬಣ್ಣದ ವೇಷ ನೋಡಿ ಬೆಳೆದವನಿಗೆ ಈ ಗೇಮಿನ ಓರ್ಕ್ ನಾಯಕರು ಹೊಸಬರಲ್ಲ. ಯುದ್ಧದ ನಡುವೆ ಎಲ್ಲವೂ ನಿಲ್ಲುತ್ತದೆ, ಒಬ್ಬ ಮುಂದೆ ಬರುತ್ತಾನೆ, ಹಿಂದಿನವರು ಅವನ ಹೆಸರು ಕೂಗುತ್ತಾರೆ, ಅವನು ತನ್ನ ಪ್ರತಾಪ ಹೇಳಿಕೊಂಡು ನನ್ನನ್ನು ಹೀಯಾಳಿಸುತ್ತಾನೆ. ನನ್ನನ್ನು ಕೊಂದವನಿಗೆ ಭಡ್ತಿ ಸಿಗುತ್ತದೆ. ಮತ್ತೆ ಎದುರಾದಾಗ ‘ಆವತ್ತೇ ಕೊಂದಿದ್ದೆನಲ್ಲ’ ಎಂದು ನೆನಪಿಸುತ್ತಾನೆ. ದೂಶ್ ಎಂಬವನೊಬ್ಬನನ್ನು ನಾನು ಬೆಂಕಿಯಲ್ಲಿ ಸುಟ್ಟು ಮುಂದೆ ಹೋಗಿದ್ದೆ. ಎರಡು ದಿನದ ಮೇಲೆ ಅರ್ಧ ಬೆಂದ ಮುಖದೊಂದಿಗೆ ಬಂದು ನಿಂತ. ಬಾಗಿಲಲ್ಲಿ ನಿಂತು ಅಡಿಕೆ ಸುಲಿಯುತ್ತಿದ್ದ ಅಮ್ಮ ಹೆಸರು ಕೇಳಿಸಿಕೊಂಡು, “ದೂಷಣ ಬಂದನಲ್ಲ, ಖರ ಎಲ್ಲಿ?” ಎಂದರು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲದಿಂದ ಪಂಚವಟಿಯ ರಕ್ಕಸರನ್ನು ಕಂಡ ಊರಿನವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರಲಿಲ್ಲ.

ಶತ್ರುಗಳು ನೆನಪಿಟ್ಟುಕೊಳ್ಳುವ ಈ ಏರ್ಪಾಡಿಗೆ ‘ನೆಮೆಸಿಸ್’ ಎಂದು ಹೆಸರು. ಪ್ರಕಾಶಕರು ಇದಕ್ಕೆ 2021ರಲ್ಲಿ ಪೇಟೆಂಟ್ ಪಡೆದರು. ಗೇಮನ್ನು ಮಾಡಿದ ಮೊನೊಲಿತ್ ಸಂಸ್ಥೆಯನ್ನು 2025ರಲ್ಲಿ ಮುಚ್ಚುವುದಾಗಿ ಪ್ರಕಟಿಸಿದರು. ಒಳ್ಳೆಯ ಬಣ್ಣದ ವೇಷದ ಕಿರೀಟವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮೇಳವನ್ನೂ ನಿಲ್ಲಿಸಿದ ಹಾಗೆ. ಉಳಿದಂತೆ ಮೊರ್ಡೋರ್‌ನಲ್ಲಿ ಬೂದು ನೆಲ, ಕೆಸರು, ಕೊಲೆ. ನಾಲ್ಕು ದಿನಕ್ಕೆ ಸಾಕಾಯಿತು ಎಂದೇ ಅಂದುಕೊಂಡಿದ್ದೆ.

ಟೋಲ್ಕಿನ್ ಲೋಕದ್ದೇ ‘ಗಾಲಮ್’ ಎಂಬ ಇನ್ನೊಂದು ಗೇಮ್ 2023ರಲ್ಲಿ ಬಂತು. ಅದನ್ನು ಮಾಡಿದವರೇ ಬಿಡುಗಡೆಯ ಬೆನ್ನಿಗೆ ಕ್ಷಮೆ ಕೇಳಿದ್ದಾರೆ. ನಾನು ಅದರ ತಂಟೆಗೆ ಹೋಗಲಿಲ್ಲ.

ವಿಚರ್ ಬಗ್ಗೆ ನನಗೆ ಯಾವ ನಿರೀಕ್ಷೆಯೂ ಇರಲಿಲ್ಲ. ಗೆರಾಲ್ಟ್ ಎಂಬ ಬಿಳಿಗೂದಲಿನವನು ದುಡ್ಡಿಗೆ ಭೂತಪ್ರೇತ ಬಿಡಿಸುವವನು. ಸಾಕುಮಗಳು ಸಿರಿಯನ್ನು ಹುಡುಕಿಕೊಂಡು ಯುದ್ಧದಲ್ಲಿ ಬೆಂದ ವೆಲೆನ್ ಎಂಬ ಜೌಗು ಸೀಮೆಗೆ ಬರುತ್ತಾನೆ. ಅಲ್ಲಿ ಬ್ಯಾರನ್ ಎನ್ನಿಸಿಕೊಂಡ ಒಬ್ಬ ಕುಡುಕ ದೊರೆ. ಸಿರಿಯ ಸುದ್ದಿ ಅವನಿಗೆ ಗೊತ್ತು, ಆದರೆ ಮೊದಲು ಕಾಣೆಯಾದ ತನ್ನ ಹೆಂಡತಿಯನ್ನೂ ಮಗಳನ್ನೂ ಹುಡುಕಿಕೊಡಬೇಕು ಎನ್ನುತ್ತಾನೆ. ಮನೆಯ ಮೂಲೆಮೂಲೆ ನೋಡಿದ ಮೇಲೆ ತಿಳಿಯುತ್ತದೆ: ಅವನ ಹೊಡೆತದ ಸಂಸಾರದಲ್ಲಿ ಹೆಂಡತಿಗೆ ಗರ್ಭಪಾತವಾಗಿದೆ. ಆ ಶಿಶುವನ್ನು ಹೆಸರಿಡದೆ, ಸಂಸ್ಕಾರ ಮಾಡದೆ ಹೂತಿದ್ದಾರೆ. ಅದು ಈಗ ರಾತ್ರಿ ಎದ್ದು ಬರುತ್ತದೆ.

ಆಗ ಹೊರಗೆ ಆಟಿಯ ಮಳೆ. ಅಮ್ಮ ಅಡಿಕೆ ಬುಟ್ಟಿ ಬಿಟ್ಟು ಒಳಗೆ ಬಂದು ಕುಳಿತರು. ಪರದೆಯಲ್ಲಿ ಇಂಗ್ಲಿಷ್ ಅಕ್ಷರ, ನಾನು ತುಳುವಿನಲ್ಲಿ ಅರ್ಥ ಹೇಳುತ್ತಾ ಹೋದೆ. “ಹೆಸರಿಡದೆ ಹೂತರೆ ಮತ್ತೇನಾಗುತ್ತದೆ?” ಎಂದರು ಅಮ್ಮ, ಬೆಳೆ ಯಾಕೆ ಒಣಗಿತು ಎಂಬಷ್ಟೇ ಸಹಜವಾಗಿ. ನಮ್ಮಲ್ಲಿ ಆಟಿ ಎಂದರೆ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಎಲೆ ಹಾಕಿ ಬಡಿಸುವ ತಿಂಗಳು. ಎಳವೆಯಲ್ಲೇ ತೀರಿಕೊಂಡ ಮಕ್ಕಳಿಗೂ ಪ್ರಾಯ ತುಂಬಿತೆಂದು ಲೆಕ್ಕಹಾಕಿ, ಹಾಗೆಯೇ ತೀರಿಕೊಂಡ ಇನ್ನೊಂದು ಮನೆಯ ಮಗುವಿನೊಂದಿಗೆ ಮದುವೆ ಮಾಡಿಸುವ ಮನೆಗಳು ಈಗಲೂ ಇವೆ. ಸತ್ತವರನ್ನು ಮನೆಯ ಲೆಕ್ಕದಿಂದ ಬಿಡಬಾರದು ಎಂಬುದು ಅಮ್ಮನಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ.

ಗೇಮ್ ಎರಡು ದಾರಿ ಕೊಡುತ್ತದೆ: ಆ ಜೀವವನ್ನು ಕತ್ತಿಯಿಂದ ಕೊಲ್ಲಬಹುದು, ಅಥವಾ ತಂದೆಯೇ ಎತ್ತಿಕೊಂಡು ಮನೆಗೆ ತಂದು, ಹೆಸರಿಟ್ಟು, ಹೊಸ್ತಿಲ ಕೆಳಗೆ ಹೂಳಬಹುದು. ಅಳಿಯ “ಕೊಂದರೆ ಬೇಗ ಮುಗಿಯುತ್ತದೆ” ಎಂದ. ಅಮ್ಮ ಅವನನ್ನು ನೋಡಿದ ರೀತಿಗೆ ಅವನು ಕಾಫಿ ತರಲು ಎದ್ದುಹೋದ. ಬ್ಯಾರನ್ ತನ್ನ ಪಾಪವನ್ನು ತೋಳಿನಲ್ಲಿ ಹೊತ್ತು ಕತ್ತಲೆಯಲ್ಲಿ ನಡೆಯುತ್ತಾನೆ, ದಾರಿಯಲ್ಲಿ ಬೇರೆ ಪ್ರೇತಗಳು ಮುತ್ತುತ್ತವೆ, ಮಗು ಕೆರಳಿದಾಗಲೆಲ್ಲ ಗೆರಾಲ್ಟ್ ಸಮಾಧಾನ ಮಾಡಬೇಕು. ಕೊನೆಗೆ ಹೊಸ್ತಿಲಲ್ಲಿ ಅವನು ಅದಕ್ಕೆ ‘ಡೇಯಾ’ ಎಂದು ಹೆಸರಿಟ್ಟು ತನ್ನ ಮಗಳೆಂದು ಒಪ್ಪಿಕೊಳ್ಳುತ್ತಾನೆ. ಮುಂದೆ ಅದೇ ಜೀವ ಮನೆ ಕಾಯುವ ಚೇತನವಾಗಿ ಎದ್ದು ದಾರಿ ತೋರಿಸುತ್ತದೆ. “ಹೊಸ್ತಿಲಲ್ಲಿ ಇಟ್ಟದ್ದು ಕಾಯದೆ ಇರುತ್ತದೆಯೇ?” ಎಂದರು ಅಮ್ಮ. ಕಥೆ ಅಲ್ಲಿಗೆ ತಲುಪುವ ಮೊದಲೇ ಅವರು ಇದನ್ನು ಹೇಳಿದ್ದರು.

ಪೋಲೆಂಡಿನ ಜನಪದದಲ್ಲಿ ಇಂಥ ಶಿಶುಪ್ರೇತಕ್ಕೆ ‘ಪೊರೊನ್ಯೆಟ್ಸ್’ ಎನ್ನುತ್ತಾರೆ. ಗೇಮ್ ಮಾಡಿದ ಪೋಲೆಂಡಿನವರು ತಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದನ್ನು ಮಾಡಿದ್ದಾರೆ, ಅದು ಪೆರ್ಲದ ಅಜ್ಜಿಗೂ ತಾಗಿತು. ಇನ್ನು ಆಯ್ಕೆಯ ಫಲ. ಅದೇ ಸೀಮೆಯಲ್ಲಿ ಒಂದು ಮರದಡಿಯ ಚೇತನವನ್ನು ನಾನು ಕರುಣೆಯಿಂದ ಬಿಡಿಸಿದೆ. ಅನಾಥ ಮಕ್ಕಳು ಉಳಿದರು. ಆದರೆ ಒಂದು ಹಳ್ಳಿ ನಾಶವಾಯಿತು, ಬ್ಯಾರನ್ನನ ಹೆಂಡತಿಯೂ ಉಳಿಯಲಿಲ್ಲ, ಅವನೂ ಉಳಿಯಲಿಲ್ಲ. ಇದು ನನ್ನ ಆ ಒಂದು ಮಾತಿನ ಫಲ ಎಂದು ತಿಳಿದದ್ದು ಗಂಟೆಗಟ್ಟಲೆ ಆಡಿದ ಮೇಲೆ. ಹಾಗ್ವಾರ್ಟ್ಸ್‌ನಲ್ಲಿ ಪ್ರಾಣಹರಣದ ಮಂತ್ರಕ್ಕೆ ಸಿಗದ ಬೆಲೆ ಇಲ್ಲಿ ಒಂದು ಕನಿಕರಕ್ಕೆ ಸಿಕ್ಕಿತು.

ಆಮೇಲೆ ಸಪ್ಕೋವ್‌ಸ್ಕಿಯ ಕಥೆಗಳನ್ನು ಇಂಗ್ಲಿಷಿನಲ್ಲಿ ತರಿಸಿ ಓದಿದೆ. ಗೇಮ್ ನಡೆಯುವುದು ಕಾದಂಬರಿಗಳ ಕಥೆ ಮುಗಿದ ನಂತರ. ಬ್ಯಾರನ್ ಅಲ್ಲಿಲ್ಲ. ಆದರೂ ಎರಡು ಕೆಡುಕುಗಳ ನಡುವೆ ನಿಂತು ಬಾಯಿ ಒಣಗುವ ಗೆರಾಲ್ಟ್ ಅಲ್ಲಿಯೂ ಇವನೇ. ಮೂಲದಲ್ಲಿ ಇಲ್ಲದ್ದನ್ನು ಮೂಲಕ್ಕೆ ಒಪ್ಪುವಂತೆ ಹೇಳುವುದು ಎಂದರೆ ಇದು. ಲೇಖಕನ ಕಥೆ ಬೇರೆಯೇ ಇದೆ. ಗೇಮಿನ ಹಕ್ಕನ್ನು ಅವನು ಲಾಭದ ಪಾಲು ಕೇಳದೆ ಇಡಿಗಂಟಿಗೆ ಕೊಟ್ಟುಬಿಟ್ಟಿದ್ದ. ಆಟ ಲೋಕಪ್ರಸಿದ್ಧವಾದ ಮೇಲೆ 2018ರಲ್ಲಿ 6 ಕೋಟಿ ಜ್ಲೋಟಿ (ಪೋಲೆಂಡಿನ ಹಣ) ಕೊಡಬೇಕೆಂದು ಕೇಳಿದ. 2019ರ ಕೊನೆಗೆ ಹೊಸ ಒಪ್ಪಂದವಾಯಿತು. ಮರದಲ್ಲಿರುವಾಗಲೇ ಫಸಲನ್ನು ಗುತ್ತಿಗೆಗೆ ಕೊಟ್ಟು, ಆಮೇಲೆ ಅಡಿಕೆಗೆ ಧಾರಣೆ ಏರಿದಾಗ ಕೈಕೈ ಹಿಸುಕಿಕೊಂಡವರು ನಮ್ಮ ಊರಲ್ಲಿ ಮನೆಗೊಬ್ಬರು ಇದ್ದಾರೆ. ಅವರಿಗೆ ಅವನ ಸಂಕಟ ಅರ್ಥವಾದೀತು.

ವಿಚರ್‌ನಲ್ಲಿ ದೋಷವಿಲ್ಲ ಎಂದಲ್ಲ. ಗೆರಾಲ್ಟನ ಕುದುರೆ ಬೇಲಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಕತ್ತಿವರಸೆ ಹತ್ತು ಗಂಟೆಯ ಮೇಲೆ ಒಂದೇ ತರಹ. ಮಗಳ ಜೀವ ಹೋಗುತ್ತಿದೆ ಎಂದು ಅವಸರಪಡುವ ನಾಯಕ ಸಿಕ್ಕ ಸಿಕ್ಕ ವ್ಯಾಪಾರಿಯೊಡನೆ ಕೂತು ಗ್ವೆಂಟ್ ಎಂಬ ಎಲೆಯಾಟ ಆಡುತ್ತಾನೆ. ಆಡಿಸಿದವನು ನಾನೇ ಆದ್ದರಿಂದ ಹೆಚ್ಚು ಹೇಳುವಂತಿಲ್ಲ. ಬೆತ್ತಲೆ, ರಕ್ತ, ಬೈಗುಳ ಧಾರಾಳವಾಗಿವೆ. ಅಮ್ಮ ಕುಳಿತಾಗ ಎರಡು ಬಾರಿ ‘ಕರೆಂಟು ಹೋಯಿತು’ ಎಂದು ನಾನೇ ಪರದೆ ಆರಿಸಬೇಕಾಯಿತು. ಮಕ್ಕಳಿರುವ ಮನೆಗೆ ಹಾಗ್ವಾರ್ಟ್ಸ್ ಸಾಕು.

ಅಳಿಯ ನನ್ನ ತೀರ್ಪನ್ನು ಒಪ್ಪಲಿಲ್ಲ. “ಮಾವ, ನಾನು ಅಲ್ಲಿಗೆ ಕಥೆಗಾಗಿ ಹೋಗುವುದಲ್ಲ. ಹನ್ನೊಂದನೆಯ ವರ್ಷದಲ್ಲಿ ಹಾಗ್ವಾರ್ಟ್ಸ್‌ಗೆ ಸೇರಲು ಕರೆಯುವ ಆ ಪತ್ರ ಬರುತ್ತದೆಂದು ನಿಜವಾಗಿಯೂ ಕಾದಿದ್ದೆ. ಬರಲಿಲ್ಲ. ಈಗ ಬಂತು, ಅಷ್ಟೆ” ಎಂದ. 2023ರಲ್ಲಿ ಈ ಗೇಮಿನ 2 ಕೋಟಿ 20 ಲಕ್ಷ ಪ್ರತಿಗಳು ಮಾರಾಟವಾದದ್ದು ಯಾಕೆಂದು ನನಗೆ ಆಗ ತಿಳಿಯಿತು. ಅರ್ಥಗಾರಿಕೆ ಹೇಗಿದ್ದರೂ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ನೋಡಲೆಂದೇ ಆಟಕ್ಕೆ ಹೋಗುತ್ತಿದ್ದ ಹುಡುಗ ನಾನೂ ಆಗಿದ್ದೆ. ಈ ಮಾತನ್ನು ಅವನಿಗೆ ಹೇಳಲಿಲ್ಲ.

ಆಟಿ ಮುಗಿದು ಸೋಣ ಸಂಕ್ರಮಣಕ್ಕೆ ಅವನು ಹೊರಟ. ಅಷ್ಟರಲ್ಲಿ ನಾನೂ ಹಳೆಯದೊಂದು ಕಂಪ್ಯೂಟರ್ ಕೊಂಡು, ಮೂರು ಗೇಮನ್ನೂ ರಿಯಾಯಿತಿಯ ದಿನ ನೋಡಿ ತೆಗೆದುಕೊಂಡಿದ್ದೆ. ಹಾಗ್ವಾರ್ಟ್ಸ್ ಒಂದಕ್ಕೇ 85 ಜಿಬಿ ಜಾಗ ಬೇಕು. ತೋಟದ ಲೆಕ್ಕಪತ್ರ, ಮದುವೆಯ ವಿಡಿಯೊ ಎಲ್ಲ ಸೇರಿ ಡಿಸ್ಕ್ ತುಂಬಿತು. ಮೊದಲು ಹಾಗ್ವಾರ್ಟ್ಸ್ ಅಳಿಸಿದೆ. ವಿಚರ್ ಮುಗಿದಿತ್ತು. ಅಮ್ಮ ‘ಆ ಬ್ಯಾರನ್ನನ ಕಥೆ ಇನ್ನೊಮ್ಮೆ’ ಎಂದು ಕೇಳಿದರೆ ಬೇಕಾದೀತೆಂದು ಒಂದು ವಾರ ತಡೆದು, ಅದನ್ನೂ ತೆಗೆದೆ. ಬೇಕಾದಾಗ ಮತ್ತೆ ಹಾಕಿಕೊಳ್ಳಬಹುದು. ಮೊರ್ಡೋರ್ ಮಾತ್ರ ಇನ್ನೂ ಇದೆ. ಅರ್ಧ ಬೆಂದ ಮುಖದ ದೂಷಣ ನನ್ನನ್ನು ಏಳು ಸಲ ಕೊಂದಿದ್ದಾನೆ, ನಾನು ಅವನನ್ನು ನಾಲ್ಕೇ ಸಲ.